ಜಾಲತಾಣ ಕಟ್ಟಹೊರಟವರ ಮೊದಲ ಪ್ರಶ್ನೆಗಳು

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ನೆಲದಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಕಾವ್ಯವಾಚನ, ಯಕ್ಷಗಾನ, ಮಕ್ಕಳಿಗೆ ಬಹುಮಾನ ವಿತರಣೆ ಇವುಗಳಿಗೆ ಮೀಸಲಾದ ದಿನ. ಅಂಥ ದಿನ ಜಾಲತಾಣದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಮೊದಲು ಹಿಂಜರಿದೆ. ಆದರೆ ಸಂಘವು ತನ್ನದೇ ಆದ ಜಾಲತಾಣವನ್ನು ಕಟ್ಟಲು ನಿಶ್ಚಯಿಸಿದೆಯೆಂದೂ, ನಮ್ಮ ಕಾಲೇಜು ವಿದ್ಯಾರ್ಥಿಗಳೇ ಆ ಹೊಣೆಯನ್ನು ಹೊರಲು ಮುಂದೆ ಬಂದಿದ್ದಾರೆಂದೂ ತಿಳಿದ ಮೇಲೆ ಹಿಂಜರಿಕೆಗೆ ಎಡೆಯುಳಿಯಲಿಲ್ಲ. ಅವರು ತಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿದ್ದಾರೆ. ಹೊಸಬರೆಲ್ಲರೂ ಕೇಳುವ ಪ್ರಶ್ನೆಗಳೇ ಅವು. ಆ ಹಾಳೆಯನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಉತ್ತರಿಸಲು ಯತ್ನಿಸುತ್ತೇನೆ.

ಮೊದಲನೆಯ ಪ್ರಶ್ನೆ: ಜಾಲತಾಣವೆಂದರೆ ವಾಸ್ತವವಾಗಿ ಏನು?

ಯಾವಾಗಲೂ ಎಚ್ಚತ್ತಿರುವ ಒಂದು ಗಣಕಯಂತ್ರದಲ್ಲಿ ಇರಿಸಿದ ಕೆಲವು ಕಡತಗಳು, ಅಷ್ಟೆ. ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ನೀವು ಮೊಬೈಲಿನಲ್ಲಿ ವಿಳಾಸವನ್ನು ಬರೆದೊಡನೆ ಬ್ರೌಸರು ಆ ಯಂತ್ರಕ್ಕೆ ಕೋರಿಕೆಯನ್ನು ಕಳುಹಿಸುತ್ತದೆ. ಅದು ಕಡತವನ್ನು ಹಿಂದಿರುಗಿಸುತ್ತದೆ. ಬ್ರೌಸರು ಅದನ್ನೋದಿ ಪುಟವಾಗಿ ಜೋಡಿಸಿ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಈ ಏರ್ಪಾಡನ್ನು ಸೂಚಿಸಿದರು. 1991ರಲ್ಲಿ ಅದು ಹೊರಗಿನ ಜನರಿಗೆ ತಿಳಿಯಬಂತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಯಾವ ಶುಲ್ಕವನ್ನೂ ಬೇಡದೆ ಈ ವಿದ್ಯೆಯನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಇಂದು ಒಂದು ಹಳ್ಳಿಯ ಸಂಘವು ಯಾರ ಅನುಮತಿಯನ್ನೂ ಕೇಳದೆ ತನ್ನ ಪುಟವನ್ನು ತೆರೆಯಬಹುದಾಗಿರುವುದು ಆ ಔದಾರ್ಯದ ಫಲ. ಜಗತ್ತಿನ ಆ ಮೊದಲ ತಾಣದಲ್ಲಿ ಬರಿಯ ಬರಹ, ಒಂದು ಪುಟದಿಂದ ಇನ್ನೊಂದಕ್ಕೆ ಒಯ್ಯುವ ಕೊಂಡಿಗಳು, ಇಷ್ಟೇ ಇದ್ದುವು. ಆಡಂಬರವಿಲ್ಲದೆಯೂ ತಾಣ ನಡೆಯುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಎರಡನೆಯದು: ಇದಕ್ಕಾಗಿ ಏನೇನು ಕಲಿಯಬೇಕು?

ಮೂರು ವಿದ್ಯೆಗಳಿವೆ. ಎಚ್‌ಟಿಎಂಎಲ್ ಎಂಬುದು ಬರಹದಲ್ಲಿ ಯಾವುದು ಏನೆಂದು ಗುರುತು ಹಾಕುವ ಕ್ರಮ: ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಚಿತ್ರ, ಇದು ಕೊಂಡಿ ಎಂದು. ಸಿಎಸ್‌ಎಸ್ ಎಂಬುದು ಆ ಭಾಗಗಳ ಉಡುಪು: ಅಕ್ಷರದ ಗಾತ್ರ, ಬಣ್ಣ, ಸಾಲುಗಳ ಅಂತರ. ಜಾವಾಸ್ಕ್ರಿಪ್ಟ್ ಎಂಬುದು ಪುಟಕ್ಕೆ ಚಲನೆಯನ್ನು ಕೊಡುವಂಥದು. ಸಂಘದ ತಾಣಕ್ಕೆ ಮೊದಲನೆಯದು ಚೆನ್ನಾಗಿಯೂ ಎರಡನೆಯದು ತಕ್ಕಮಟ್ಟಿಗೂ ಬಂದರೆ ಸಾಕು, ಮೂರನೆಯದಿಲ್ಲದೆಯೂ ನಡೆಯುತ್ತದೆ. ಬಿಡುವಿನ ವೇಳೆಯಲ್ಲಿ ಕುಳಿತು ಕಲಿಯುವ ವಿದ್ಯಾರ್ಥಿಗೆ ಮೊದಲ ಪುಟವನ್ನು ಬರೆಯಲು ಒಂದು ವಾರ ಸಾಲದೆ ಹೋಗದು. ಅಷ್ಟಕ್ಕೂ ಬಿಡುವಿಲ್ಲದವರಿಗೆ ವರ್ಡ್‌ಪ್ರೆಸ್‌ನಂಥ ಉಚಿತ ಸಿದ್ಧ ಸಲಕರಣೆಗಳಿವೆ. ಆದರೂ ನನ್ನ ಸಲಹೆಯೆಂದರೆ, ಒಂದು ಪುಟವನ್ನಾದರೂ ಕೈಯಾರೆ ಬರೆದು ನೋಡಿರಿ. ಅಡಿಗೆ ಬಲ್ಲವರಿಗೆ ಬಡಿಸಿದ ಸಾರಿನಲ್ಲಿ ಉಪ್ಪು ಕಡಮೆಯೋ ಹುಳಿ ಹೆಚ್ಚೋ ತಿಳಿಯುವಂತೆ, ಕೈಯಾರೆ ಬರೆದವರಿಗೆ ಮಾತ್ರ ಕೆಟ್ಟುದನ್ನು ಸರಿಪಡಿಸುವ ಬಗೆ ಹೊಳೆಯುತ್ತದೆ.

ಮೂರನೆಯದು: ತಾಣದ ಹೆಸರನ್ನು ಯಾರು ಕೊಡುತ್ತಾರೆ? ಅದು ಯಾರ ಹೆಸರಿನಲ್ಲಿರಬೇಕು?

ಈ ಪ್ರಶ್ನೆಯ ಮುಂದೆ ಸ್ವಲ್ಪ ನಿಲ್ಲಬೇಕಾಗಿದೆ. ಡೊಮೇನ್ ಎನ್ನುವ ತಾಣದ ಹೆಸರನ್ನು ನಾವು ಕ್ರಯಕ್ಕೆ ಪಡೆಯುವುದಿಲ್ಲ, ಗೇಣಿಗೆ ಪಡೆಯುತ್ತೇವೆ. ವರ್ಷ ವರ್ಷವೂ ಹಣ ಕಟ್ಟಿ ನವೀಕರಿಸಬೇಕು. ಕಟ್ಟದಿದ್ದರೆ ಕೆಲವು ಕಾಲದ ಮೇಲೆ ಅದು ಬೇರೆಯವರ ಪಾಲಾಗುತ್ತದೆ.

ನಾನು ಹಿಂದೊಮ್ಮೆ ಸಮಿತಿಯ ಸದಸ್ಯನಾಗಿದ್ದ ಒಂದು ಸಂಘವು ಬಹು ಉತ್ಸಾಹದಿಂದ ಜಾಲತಾಣವನ್ನು ತೆರೆಯಿತು. ಕಂಪ್ಯೂಟರು ಬಲ್ಲ ಒಬ್ಬ ತರುಣನು ಎಲ್ಲವನ್ನೂ ತಾನೇ ಮಾಡಿದನು. ಹೆಸರನ್ನು ನೋಂದಾಯಿಸಿದ್ದು ಅವನ ಸ್ವಂತ ಇಮೇಲಿನಿಂದ. ಗುಪ್ತಪದ ತಿಳಿದಿದ್ದುದು ಅವನೊಬ್ಬನಿಗೇ. ಮೂರು ವರ್ಷಗಳ ಮೇಲೆ ಅವನು ಉದ್ಯೋಗ ನಿಮಿತ್ತ ದೂರದೇಶಕ್ಕೆ ಹೋದನು. ನವೀಕರಣದ ಸೂಚನೆಗಳೆಲ್ಲ ಅವನು ಬಳಸದೆ ಬಿಟ್ಟ ಇಮೇಲಿಗೆ ಬಂದುವು. ನಾವು ಒಂದು ದಿನ ತಾಣವನ್ನು ತೆರೆದು ನೋಡಿದರೆ ಸಂಘದ ಹೆಸರಿನ ವಿಳಾಸದಲ್ಲಿ ಯಾವುದೋ ಪರಭಾಷೆಯ ಜಾಹೀರಾತುಗಳು ಕುಣಿಯುತ್ತಿದ್ದುವು! ಹಿರಿಯ ಉಪಾಧ್ಯಾಯರು ಬರೆದ ಊರಿನ ಇತಿಹಾಸ, ಹಳೆಯ ಪದಗಳ ಒಂದು ಪಟ್ಟಿ, ಭಾಗವತರೊಬ್ಬರ ಸಂದರ್ಶನ ಎಲ್ಲವೂ ಅಲ್ಲಿದ್ದುವು. ಅವುಗಳ ಪ್ರತಿಯನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಪದಗಳ ಪಟ್ಟಿಯನ್ನು ಹೇಳಿ ಬರೆಸಿದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ತಪ್ಪು ಆ ತರುಣನದಲ್ಲ. ಅವನ ಮೇಲೆ ಭಾರವೆಲ್ಲವನ್ನೂ ಹಾಕಿ ನಿಶ್ಚಿಂತರಾಗಿ ಕುಳಿತ ನಮ್ಮಂಥ ಸಮಿತಿಯವರದು.

ಆದುದರಿಂದ ನಾಲ್ಕು ನಿಯಮಗಳನ್ನು ಸಂಘದ ನಡವಳಿ ಪುಸ್ತಕದಲ್ಲೇ ಬರೆದಿಡಿರಿ. ಹೆಸರು ಸಂಘದ್ದಾಗಿರಲಿ, ಇಮೇಲ್ ಸಹ ಸಂಘದ್ದಾಗಿರಲಿ. ಗುಪ್ತಪದ ಇಬ್ಬರು ಪದಾಧಿಕಾರಿಗಳಿಗಾದರೂ ತಿಳಿದಿರಲಿ. ನವೀಕರಣದ ತಾರೀಕು ಸಭಾಭವನದ ಬಾಡಿಗೆಯಂತೆಯೇ ಆಯವ್ಯಯ ಪತ್ರದಲ್ಲಿ ಕಾಣಿಸಲಿ. ಸಾಮಾನ್ಯ ಹೆಸರುಗಳಿಗೆ ಒಂದೇ ಸಲ 10 ವರ್ಷಗಳವರೆಗೆ ಕಟ್ಟುವ ಅವಕಾಶವೂ ಉಂಟು. ಕೊನೆಯದಾಗಿ, ತಾಣದಲ್ಲಿರುವುದೆಲ್ಲದರ ಪ್ರತಿ ಸಂಘದ ಕಪಾಟಿನಲ್ಲೊಂದು, ಬೇರೆ ಊರಿನ ಸದಸ್ಯರೊಬ್ಬರ ಮನೆಯಲ್ಲೊಂದು ಇರಲಿ.

ನಾಲ್ಕನೆಯದು: ಫೇಸ್‌ಬುಕ್ ಪುಟವೂ ವಾಟ್ಸಾಪ್ ಗುಂಪೂ ಇರುವಾಗ ಬೇರೆ ತಾಣವೇಕೆ?

ಅವುಗಳಿಂದ ಪ್ರಯೋಜನವಿದೆ. ನಾಳೆಯ ಸಭೆಗೆ ಜನರನ್ನು ಕರೆಯಲು ಅವು ಬಹಳ ಅನುಕೂಲ. ಆದರೆ ಅದು ಪರರ ಜಗಲಿ. ಇಂದು ಕುಳ್ಳಿರೆಂದವರು ನಾಳೆ ಏಳಿರೆನ್ನಬಹುದು. ಅಮೆರಿಕದಲ್ಲಿ ಜಿಯೋಸಿಟೀಸ್ ಎಂಬ ಸೇವೆಯಿತ್ತು. ಲಕ್ಷಾಂತರ ಜನರು ಅಲ್ಲಿ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿದರು. ಕೆಲವರು ಪ್ರತಿ ಮಾಡಿಕೊಂಡವನ್ನು ಬಿಟ್ಟರೆ ಉಳಿದುದು ಅಳಿದೇ ಹೋಯಿತು. ಅಲ್ಲದೆ, ಗುಂಪಿನಲ್ಲಿ ಹಂಚಿಕೊಂಡ ಒಳ್ಳೆಯ ಲೇಖನವು ವಾರ ಕಳೆಯುವಷ್ಟರಲ್ಲಿ ಶುಭೋದಯದ ಚಿತ್ರಗಳಡಿಯಲ್ಲಿ ಹೂತುಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕರೆಯಲು ಜಗಲಿ ಸಾಕು. ಕೂಡಿಡಲು ಸ್ವಂತ ಮನೆ ಬೇಕು.

ಐದನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು: ಕನ್ನಡವನ್ನು ಹೇಗೆ ಬರೆಯಬೇಕು?

1843ರಲ್ಲಿ ಮಂಗಳೂರಿನಿಂದ ಹೊರಟ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತೆಂಬುದನ್ನು ನೀವು ಬಲ್ಲಿರಿ. ಕಲ್ಲಚ್ಚಿನಲ್ಲಿ ಪುಟವೆಂದರೆ ಒಂದು ಚಿತ್ರ. ಅದರೊಳಗಿನ ಒಂದಕ್ಷರವನ್ನು ಕಿತ್ತು ಬೇರೆಡೆ ಇಡಲಾಗದು. ಮೊಳೆಯಚ್ಚಿನಲ್ಲಾದರೋ ಅಕ್ಷರಗಳು ಬಿಡಿಬಿಡಿಯಾಗಿ ಕೈಗೆ ಬರುತ್ತವೆ; ಕೂಡಿಸಬಹುದು, ಬಿಡಿಸಬಹುದು. ಜಾಲತಾಣದಲ್ಲಿಯೂ ಇದೇ ಭೇದವಿದೆ. ಲೇಖನದ ಭಾವಚಿತ್ರವನ್ನು ತೆಗೆದು ಹಾಕಿದರೆ ಕಣ್ಣುಳ್ಳವರು ಓದಬಲ್ಲರೇನೋ ನಿಜ. ಆದರೆ ಹುಡುಕುವ ಯಂತ್ರವು ಅದನ್ನು ಲೇಖನವೆಂದು ನೆಚ್ಚಿಕೊಂಡು ತಂದುಕೊಡಲಾರದು, ಕುರುಡರಿಗೆ ಪುಟವನ್ನು ಓದಿ ಹೇಳುವ ಯಂತ್ರವು ತಡವರಿಸುತ್ತದೆ.

ಇನ್ನೊಂದು ತೊಡಕು ಹಳೆಯ ಫಾಂಟುಗಳದು. ಮೊದಮೊದಲು ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸಿದರು. ಆ ಫಾಂಟು ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಮ್ಮ ಅನೇಕ ಸ್ಮರಣ ಸಂಚಿಕೆಗಳ ಕಡತಗಳು ಇಂದು ಇದೇ ಅವಸ್ಥೆಯಲ್ಲಿವೆ.

ಈ ತೊಡಕಿಗೆ ಪರಿಹಾರವೇ ಯೂನಿಕೋಡ್. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗ ದೊರೆಯಿತು. ‘ಅ’ ಅಕ್ಷರದ ಸಂಖ್ಯೆ 3205. ‘ಕ’ ಅಕ್ಷರದ ಸಂಖ್ಯೆ 3221. ಕಾಸರಗೋಡಿನಲ್ಲಿ ಬರೆದರೂ, ಕ್ಯಾಲಿಫೋರ್ನಿಯದಲ್ಲಿ ಓದಿದರೂ ‘ಕ’ ಎಂಬುದು 3221. ಫಾಂಟು ಬದಲಾದರೆ ಅಕ್ಷರದ ಚೆಲುವು ಬದಲಾದೀತು; ಅಕ್ಷರ ಬದಲಾಗದು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಲಕರಣೆಗಳು ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒಬ್ಬರು ಕುಳಿತು ಕರಡು ತಿದ್ದುವುದು ಮಾತ್ರ ಅವಶ್ಯ. ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ತಪ್ಪುವುದುಂಟು. ಹೊಸದಾಗಿ ಬರೆಯುವವರಿಗೆ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ಸುಲಭ. ಆ ವಿದ್ವಾಂಸರು ನಮ್ಮ ನೆರೆಯ ಮಂಗಳೂರು ಕಡೆಯವರೇ ಎಂಬುದು ನಮಗೆ ಸಂತೋಷದ ಸಂಗತಿ.

ಇದು ಬರಿಯ ಯಂತ್ರದ ಮಾತಲ್ಲ. 1956ರ ನವೆಂಬರ್ 1ರಿಂದ ಈ ಪ್ರದೇಶವು ಕೇರಳದಲ್ಲಿದೆ. ನಾವು ‘ಮಂಜೇಶ್ವರ’ ಎನ್ನುವುದನ್ನು ಮಲೆಯಾಳದಲ್ಲಿ ‘ಮಂಜೇಶ್ವರಂ’ ಎನ್ನುತ್ತಾರೆ. ಅದು ಆ ಭಾಷೆಯ ಸಹಜ ರೀತಿ. ಅದಕ್ಕಾಗಿ ಯಾರಲ್ಲಿಯೂ ಜಗಳವಾಡಬೇಕಾಗಿಲ್ಲ. ಆದರೆ ನಮ್ಮ ಊರು, ಬೈಲು, ಗುಡ್ಡ, ತೋಡುಗಳನ್ನು ನಾವು ಏನೆಂದು ಕರೆಯುತ್ತೇವೆಂಬುದನ್ನು ನಾವೇ ಬರೆದಿಡದಿದ್ದರೆ ಮತ್ತಾರು ಬರೆದಾರು? ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಬೆಳೆಯುತ್ತಿರುವ ನಮ್ಮ ಮೊಮ್ಮಗಳೊಬ್ಬಳು ಒಂದು ದಿನ ತನ್ನ ಅಜ್ಜನ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿಯಾಳು. ಆಗ ನಮ್ಮ ಪುಟ ತೆರೆಯಬೇಕು. ಅದು ತೆರೆಯುವುದೋ ಇಲ್ಲವೋ ಎಂಬುದು ನಾವು ಇಂದು ಚಿತ್ರವನ್ನು ಹಾಕುತ್ತೇವೋ ಅಕ್ಷರವನ್ನು ಹಾಕುತ್ತೇವೋ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಆರನೆಯದು: ತಾಣವನ್ನು ಅಂದಗೊಳಿಸುವುದು ಹೇಗೆ?

ಓದುವವನಿಗೆ ತೊಡಕಾಗದಿರುವುದೇ ಅಂದ. ನಮ್ಮ ಓದುಗರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಓದುವವರು. ಆದುದರಿಂದ ಪುಟವನ್ನು ಮೊದಲು ಸಣ್ಣ ಪರದೆಯಲ್ಲಿ ನೋಡಿ ಒಪ್ಪಿಕೊಳ್ಳಿರಿ. ದೊಡ್ಡ ಪರದೆಯ ಯೋಚನೆ ಆಮೇಲೆ. ಕನ್ನಡದಲ್ಲಿ ಗುಡಿಸು, ಏತ್ವಗಳು ಮೇಲಕ್ಕೂ, ಒತ್ತಕ್ಷರಗಳು ಕೆಳಕ್ಕೂ ಚಾಚುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಂತರ ನಮಗೆ ಸಾಲದು. ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಾಲಿನಷ್ಟಾದರೂ ಇರಲಿ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಎಂಬ ಉಚಿತ ಫಾಂಟುಗಳು ಓದಲು ಹಿತವಾಗಿವೆ. ಬಿಳಿಯ ಮೇಲೆ ಕಪ್ಪಕ್ಷರವನ್ನು ಮೀರಿಸಿದ ಬಣ್ಣಗಾರಿಕೆ ಹಿರಿಯರ ಕಣ್ಣಿಗೆ ಇನ್ನೂ ಹುಟ್ಟಿಲ್ಲ.

ಚಿತ್ರಗಳ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟುಗಳು ಬೇಕು. 10,000 ಸಂಕೇತಗಳ ದೀರ್ಘ ಲೇಖನವೂ 30 ಕಿಲೋಬೈಟನ್ನು ಮೀರದು. ಮೊಬೈಲಿನಿಂದ ತೆಗೆದ ಒಂದೇ ಭಾವಚಿತ್ರವು 3 ಮೆಗಾಬೈಟು ತೂಗಿದರೆ ಅದು ನೂರು ಲೇಖನಗಳ ಭಾರವಾಯಿತು! ಗುಡ್ಡದ ಮರೆಯಲ್ಲಿರುವ, ಸಂಕೇತ ಸರಿಯಾಗಿ ಸಿಗದ ಮನೆಗಳನ್ನು ನೆನೆಯಿರಿ. ಚಿತ್ರಗಳನ್ನು ಕುಗ್ಗಿಸಿಯೇ ಹಾಕಿರಿ. ಪ್ರತಿಯೊಂದಕ್ಕೂ ಅದು ಏನೆಂಬ ಒಂದು ಸಾಲಿನ ವಿವರಣೆಯನ್ನು ಬರೆಯಿರಿ. ಕಣ್ಣು ಕಾಣದವರಿಗೆ ಆ ಸಾಲೇ ಚಿತ್ರ.

ಕಡೆಯ ಪ್ರಶ್ನೆ: ತಾಣದಲ್ಲಿ ಏನನ್ನು ಹಾಕಬಹುದು, ಏನನ್ನು ಹಾಕಬಾರದು?

ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಅವರ ಕೃತಿಗಳ ಹಕ್ಕು ವಾರಸುದಾರರದು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು 1963ರಲ್ಲಿ ದಿವಂಗತರಾದರು. ಅವರು ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2024ರ ಜನವರಿ 1ರಿಂದ ಸಾರ್ವಜನಿಕವಾಗಿವೆ. ಅವುಗಳನ್ನು ಧಾರಾಳವಾಗಿ ಟೈಪು ಮಾಡಿ ಹಾಕಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮನ್ನಗಲಿದ್ದು 2015ರಲ್ಲಿ. ಅವರ ಕವನಗಳಿಗೆ ಹಕ್ಕುಳ್ಳವರ ಒಪ್ಪಿಗೆ ಬೇಕು. ಹಳೆಯ ಸ್ಮರಣ ಸಂಚಿಕೆಗಳ ಲೇಖಕರಿಗೂ ಇದೇ ಮರ್ಯಾದೆ ಸಲ್ಲತಕ್ಕದ್ದು. ಕೇಳಿದರೆ ಇಲ್ಲವೆನ್ನುವವರು ವಿರಳ. ಕೇಳದೆ ಹಾಕಿದರೆ ನೊಂದುಕೊಳ್ಳುವವರು ಹಲವರು. ಮಕ್ಕಳ ಭಾವಚಿತ್ರವನ್ನಾಗಲಿ ಹೆಸರನ್ನಾಗಲಿ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಹಾಕಬಾರದು. ಯಾರ ಮನೆವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಪ್ರಕಟಿಸಬಾರದು.

ಮೊದಲ ದಿನವೇ ಎಲ್ಲವೂ ಇರಬೇಕೆಂಬ ಹಂಬಲ ಬೇಡ. ಐದು ಪುಟಗಳಿಂದ ಆರಂಭಿಸಿರಿ: ಸಂಘದ ಪರಿಚಯ, ಮುಂದಿನ ಕಾರ್ಯಕ್ರಮ, ಈ ಸುತ್ತಿನ ಕನ್ನಡ ಶಾಲೆಗಳು, ಒಂದು ಹಳೆಯ ಸಂಚಿಕೆ, ಸಂಘಕ್ಕೆ ಬರೆಯಬೇಕಾದ ವಿಳಾಸ. ತಿಂಗಳಿಗೊಂದು ಲೇಖನವನ್ನು ಸೇರಿಸಿದರೂ ಹತ್ತು ವರ್ಷಗಳಲ್ಲಿ 120 ಆಗುತ್ತವೆ. ಬಾಗಿಲು ತೆರೆದ ದಿನದ ಗದ್ದಲಕ್ಕಿಂತ ದಿನವೂ ಕಸ ಗುಡಿಸುವ ಕೈಯೇ ಮನೆಯನ್ನು ಉಳಿಸುವುದು.

ಮಾನ್ಯರೇ, ತರುಣರಲ್ಲಿ ವಿದ್ಯೆಯಿದೆ, ಹಿರಿಯರಲ್ಲಿ ವಿಷಯವಿದೆ. ತರುಣರು ಕೀಲಿಮಣೆಯ ಮುಂದೆ ಕುಳಿತು ಕೇಳಲಿ. ಹಿರಿಯರು ಪಕ್ಕದಲ್ಲಿ ಕುಳಿತು ಹೇಳಲಿ. ನಾವು ಒಮ್ಮೆ ಕಳೆದುಕೊಂಡ ಪದಗಳ ಪಟ್ಟಿ ಮತ್ತೆ ಸಿಗದು. ಆದರೆ ಅವುಗಳಲ್ಲಿ ಕೆಲವನ್ನಾದರೂ ಬಲ್ಲ ಅಜ್ಜಿಯರು ಈ ಸಭೆಯಲ್ಲಿಯೇ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಮುಂದಿನ ವಾರ್ಷಿಕೋತ್ಸವದವರೆಗೆ ತಡೆದಿಡದೆ ಈ ವಾರವೇ ಆರಂಭಿಸಿರೆಂದು ಬೇಡಿಕೊಳ್ಳುತ್ತೇನೆ.