ವಿದ್ಯಾರ್ಥಿ ಸಂಘಗಳೂ ಶಾಲೆಯ ವೇಳಾಪತ್ರಿಕೆಯೂ

(ಪ್ರೌಢಶಾಲೆಯೊಂದರ ವಿದ್ಯಾರ್ಥಿ ಸಂಘದ ವರ್ಷಾರಂಭದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತುಗಳನ್ನು ಆಡಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದಾಗ ನಾವು ಅವರನ್ನು ಒಂದೇ ಪ್ರಶ್ನೆ ಕೇಳಿದೆವು: ನಿಮ್ಮಲ್ಲಿ ಸಂಘಗಳು ಕೂಡುವುದು ಯಾವಾಗ? ಶಾಲೆ ಬಿಟ್ಟ ಮೇಲೆ ಎಂದು ಉತ್ತರ ಬಂದಿತು. ಇಂದಿನ ನಮ್ಮ ಭಾಷಣವೆಲ್ಲವೂ ಆ ಉತ್ತರವನ್ನು ಕುರಿತದ್ದೇ ಆಗಿರುವುದು.

ಶಾಲೆ ಬಿಟ್ಟ ಮೇಲೆ ನಿಲ್ಲತಕ್ಕವರು ಯಾರು? ಊರೊಳಗೆ ಮನೆಯುಳ್ಳವರು. ಸಂಜೆಯ ಬಸ್ಸು ತಪ್ಪಿದರೆ ಹಳ್ಳಿಯ ಹುಡುಗನಿಗೆ ಮನೆ ಸೇರುವ ಮಾರ್ಗವಿಲ್ಲ. ದನ ಹಿಡಿದುಕಟ್ಟಲು, ನೀರು ತರಲು ಅವನಿಗಾಗಿ ಮನೆಯವರು ಕಾಯುತ್ತಿರುತ್ತಾರೆ. ಹುಡುಗಿಯ ಮಾತಂತೂ ಹೇಳಲೇ ಬೇಡ. ಕತ್ತಲಾಗುವುದಕ್ಕೆ ಮುಂಚೆ ಅವಳು ಹೊಸ್ತಿಲು ದಾಟಿ ಒಳಗಿರಬೇಕು. ಇಂತಿರಲು ಚರ್ಚಾಕೂಟಕ್ಕೂ ನಾಟಕಕ್ಕೂ ಉಳಿದವರು ಯಾರೆಂದರೆ ವಕೀಲರ ಮಕ್ಕಳು, ವೈದ್ಯರ ಮಕ್ಕಳು, ಪೇಟೆಯ ವರ್ತಕರ ಮಕ್ಕಳು. ವರ್ಷವರ್ಷವೂ ಕಾರ್ಯದರ್ಶಿಯ ಹೆಸರು ಇದೇ ನಾಲ್ಕು ಬೀದಿಗಳಿಂದ ಬರುತ್ತದೆ. ಯಾರೂ ಯಾರನ್ನೂ ಹೊರಗಿಡಲಿಲ್ಲ; ಹೊರಗಿಟ್ಟದ್ದು ಗಡಿಯಾರ.

ಹಳ್ಳಿಯ ಹುಡುಗನಿಗೆ ಸಭೆಯಲ್ಲಿ ಎದ್ದು ನಿಲ್ಲುವ ಶಕ್ತಿಯಿಲ್ಲವೆಂದು ತಿಳಿಯುವವರು ಒಂದು ಸಂಗತಿಯನ್ನು ನೆನಪಿಡಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರೆಂಬ ಹಳ್ಳಿಯಿಂದ ಕಾಲುನಡಿಗೆಯಲ್ಲಿಯೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ಬಡ ಬಾಲಕನೊಬ್ಬನು, 1936ರಲ್ಲಿ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಸಭೆಗೆ ಕನ್ನಡದಲ್ಲಿ ಹೇಳಿದನು. ಆ ಬಾಲಕನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು. ಮಹಾತ್ಮರ ಪಕ್ಕದಲ್ಲಿ ವಿದ್ಯಾರ್ಥಿಯನ್ನು ನಿಲ್ಲಿಸಿದ ಶಾಲೆಯ ಧೈರ್ಯವೇ ನಮಗೆ ಇಲ್ಲಿ ಮುಖ್ಯವಾದ ಸಂಗತಿ. ಅದೇ ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ ವಾರವಾರವೂ ವ್ಯಾಖ್ಯಾನಗಳನ್ನು ಏರ್ಪಡಿಸಿದರೆಂಬುದನ್ನು ನೆನೆದರೆ, ಚಿಕ್ಕಂದಿನಲ್ಲಿ ದೊರೆತ ವೇದಿಕೆಯು ಎಲ್ಲಿಯವರೆಗೆ ಫಲ ಕೊಡುವುದೆಂದು ಊಹಿಸಬಹುದು.

ಆದುದರಿಂದ ನಮ್ಮ ಬೇಡಿಕೆಯು ಚಿಕ್ಕದು. ವಾರದಲ್ಲಿ ಎರಡು ಅವಧಿಗಳನ್ನು ಸಂಘಗಳಿಗೆಂದು ವೇಳಾಪತ್ರಿಕೆಯೊಳಗೇ ಬರೆಯಿರಿ. ಕೊನೆಯ ಗಂಟೆಗೆ ಮುಂಚೆ ಬರೆಯಿರಿ. ಬರೆದ ಮೇಲೆ ಗಣಿತದ ಪಾಠ ಹಿಂದುಳಿದಿದೆಯೆಂದು ಅದನ್ನು ಕಸಿಯಬೇಡಿರಿ. ಆಟದ ಅವಧಿಗೆ ಹತ್ತನೆಯ ತರಗತಿಯಲ್ಲಿ ಒದಗುವ ಗತಿಯನ್ನು ಇಲ್ಲಿರುವವರೆಲ್ಲರೂ ಬಲ್ಲರು. ಪತ್ರಿಕೆಯಲ್ಲಿ ಅದು ಆಟ, ತರಗತಿಯಲ್ಲಿ ಅದು ಬೀಜಗಣಿತ!

ಇದು ಹೊಸ ತತ್ತ್ವವೇನೂ ಅಲ್ಲ. 1952-53ರ ಮಾಧ್ಯಮಿಕ ಶಿಕ್ಷಣ ಆಯೋಗವು, ಅಂದರೆ ಮುದಲಿಯಾರ್ ಆಯೋಗವು, ಈ ಚಟುವಟಿಕೆಗಳು ಶಿಕ್ಷಣದ ಅವಿಭಾಜ್ಯ ಅಂಗವೆಂದೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಠ್ಯಕ್ಕೂ ಸಹಪಠ್ಯಕ್ಕೂ ನಡುವೆ ಗೋಡೆ ಬೇಡವೆಂದಿತು. ಎರಡರ ನಡುವೆ ಅರವತ್ತೇಳು ಅರವತ್ತೆಂಟು ವರ್ಷಗಳು ಕಳೆದವು. ಗೋಡೆ ಮಾತ್ರ ಅಲ್ಲಿಯೇ ಇದೆ. ನಾವು ಇಂದಿಗೂ ಪಠ್ಯೇತರವೆಂದೇ ಅನ್ನುತ್ತೇವೆ. ಇತರವೆಂದ ಮೇಲೆ ಅದು ಮೂಲೆಗೆ ಸರಿಯುವುದು ಸಹಜವೇ; ಶಬ್ದಗಳ ಮೇಲೆಯೇ ಹೊಟ್ಟೆ ಹೊರೆಯುವ ವೃತ್ತಿಯವರಾದ ನಮಗೆ ಈ ವಿಷಯದಲ್ಲಿ ಸಂದೇಹವಿಲ್ಲ.

ಪಾಲಕರ ಆಕ್ಷೇಪವನ್ನೂ ಕೇಳಬೇಕಾಗಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ 625 ಅಂಕಗಳಲ್ಲಿ ಭಾಷಣಕ್ಕೆಷ್ಟು, ನಾಟಕಕ್ಕೆಷ್ಟು ಎಂದು ಅವರು ಕೇಳುತ್ತಾರೆ. ಚರ್ಚಾಕೂಟಕ್ಕೆ ಹೋದ ಹುಡುಗನಿಗೆ ಅಂಕಗಳು ಹೆಚ್ಚುವುವೆಂದು ಕೆಲವರು ಸಮಾಧಾನ ಹೇಳುವುದುಂಟು. ನಾವು ಹಾಗೆ ಹೇಳಲಾರೆವು. ಅಂಕಗಳು ಹೆಚ್ಚಬಹುದು, ಹೆಚ್ಚದೆಯೂ ಇರಬಹುದು. ಆದರೆ ನ್ಯಾಯಾಲಯದ ಅಂಗಳದಲ್ಲಿ ನಾವು ದಿನವೂ ಕಾಣುವುದನ್ನು ಹೇಳಬಲ್ಲೆವು. ಒಳ್ಳೆಯ ಅಂಕಗಳಿಂದ ತೇರ್ಗಡೆಯಾದ ಗೃಹಸ್ಥರು ಸಹಕಾರ ಸಂಘವೊಂದರ ನಿರ್ದೇಶಕರಾಗಿರುತ್ತಾರೆ. ಠರಾವಿಗೂ ಸೂಚನೆಗೂ ಭೇದವರಿಯರು. ನಡವಳಿ ಪುಸ್ತಕವನ್ನು ಓದದೆ ರುಜು ಹಾಕಿರುತ್ತಾರೆ. ಎರಡು ವರ್ಷಗಳಾದ ಮೇಲೆ ಅದೇ ರುಜುವಿನ ಸಲುವಾಗಿ ನಮ್ಮ ಬಳಿಗೆ ಬರುತ್ತಾರೆ. ಭಾರತದ ಮೊದಲ ಸಹಕಾರ ಪತ್ತಿನ ಸಂಘವು 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ. ಒಂದು ಹಳ್ಳಿಯ ಒಕ್ಕಲಿಗರು ಕೂಡಿ ಲೆಕ್ಕವಿಟ್ಟು ನಡೆಯಿಸಿದ ಕೆಲಸವನ್ನು ಪ್ರೌಢಶಾಲೆಯಲ್ಲಿ ಕಲಿತವರು ಕೆಡಿಸುತ್ತಿದ್ದರೆ, ಶಾಲೆಯಲ್ಲಿ ಏನೋ ಒಂದು ಕಲಿಸದೆ ಉಳಿದಿದೆಯೆಂದೇ ತಿಳಿಯಬೇಕಲ್ಲವೇ?

ಹೀಗಿರುವುದರಿಂದ ನಮ್ಮನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಶಾಲೆಯಲ್ಲಿ ಒಂದು ಸಹಕಾರ ಭಂಡಾರವನ್ನು ತೆರೆಯಬೇಕು. ಒಂದು ಕಪಾಟು ಸಾಕು. ನೋಟುಪುಸ್ತಕ, ಪೆನ್ನು, ನಕಾಶೆಯ ಹಾಳೆ, ಅಳತೆಪಟ್ಟಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಅಲ್ಪ ಮೊತ್ತದ ಪಾಲುದಾರನಾಗಲಿ; ಮಾರುವವರು, ಲೆಕ್ಕ ಬರೆಯುವವರು, ಲೆಕ್ಕ ತಪಾಸುವವರು ವಿದ್ಯಾರ್ಥಿಗಳೇ ಆಗಿರಲಿ; ಲೆಕ್ಕ ಬರೆದವನೇ ಲೆಕ್ಕ ತಪಾಸಬಾರದೆಂಬ ನಿಯಮವಿರಲಿ. ತಿಂಗಳ ಕೊನೆಗೆ ಜಮಾ ಖರ್ಚನ್ನು ಫಲಕದ ಮೇಲೆ ಬರೆದು ತೋರಿಸಲಿ. ಒಮ್ಮೆ ಹತ್ತು ರೂಪಾಯಿ ಕಡಿಮೆ ಬಂದೀತು. ಆಗ ಮಾಸ್ತರರು ತಮ್ಮ ಜೇಬಿನಿಂದ ಅದನ್ನು ತುಂಬಿ ಮುಚ್ಚಿಬಿಡಬಾರದು. ಹತ್ತು ರೂಪಾಯಿ ಎಲ್ಲಿ ಹೋಯಿತೆಂದು ಮಕ್ಕಳು ಸಭೆ ಸೇರಿ ವಿಚಾರಿಸುವ ಆ ಒಂದು ತಾಸು, ಪೌರನೀತಿಯ ಪುಸ್ತಕದ ಹತ್ತು ಅಧ್ಯಾಯಗಳಿಗೆ ಸಮಾನವೆಂದು ನಾವು ನಂಬಿದ್ದೇವೆ.

ಶಾಲಾ ಸಂಸತ್ತಿನ ವಿಷಯದಲ್ಲಿಯೂ ಇದೇ ಮಾತು. ಚುನಾವಣೆಯು ಸಂಭ್ರಮದಿಂದ ಜರುಗುತ್ತದೆ, ಮುಖ್ಯಮಂತ್ರಿ, ಆರೋಗ್ಯಮಂತ್ರಿ, ಕ್ರೀಡಾಮಂತ್ರಿ ಎಲ್ಲರೂ ಪ್ರಮಾಣವಚನ ಸ್ವೀಕರಿಸುತ್ತಾರೆ, ಛಾಯಾಚಿತ್ರವಾಗುತ್ತದೆ. ಮರುದಿನದಿಂದ ಮಂತ್ರಿಗಳಿಗೆ ಕೆಲಸವೇ ಇಲ್ಲ. (ಮಕ್ಕಳು ದೊಡ್ಡವರನ್ನು ಇಷ್ಟು ಚೆನ್ನಾಗಿ ಅನುಕರಿಸುವ ಸಂದರ್ಭ ಬೇರೊಂದಿಲ್ಲವೆಂದು ನಗುವವರು ನಗಲಿ.) ಆರೋಗ್ಯಮಂತ್ರಿಗೆ ನೀರಿನ ತೊಟ್ಟಿಯನ್ನು ತೊಳೆಯಿಸಿದ ದಿನಾಂಕವನ್ನು ಬರೆದಿಡುವ ಅಧಿಕಾರ ಕೊಡಿರಿ, ತೊಳೆಯದಿದ್ದರೆ ಮುಖ್ಯೋಪಾಧ್ಯಾಯರನ್ನು ಪ್ರಶ್ನಿಸುವ ಅಧಿಕಾರವನ್ನೂ ಕೊಡಿರಿ. ಹುಡುಗಿಯರ ಶೌಚಗೃಹದ ಬಾಗಿಲಿಗೆ ಚಿಲಕವಿಲ್ಲವೆಂಬ ಮಾತು ಆ ಸಂಸತ್ತಿನಲ್ಲಿ ನಿರ್ಭಯವಾಗಿ ಹೊರಟರೆ ಅದು ಸಂಸತ್ತು.

ಚರ್ಚಾಸ್ಪರ್ಧೆಗಳಿಗೆ ನಮ್ಮನ್ನು ತೀರ್ಪುಗಾರರನ್ನಾಗಿ ಕರೆಯುವುದುಂಟು. ಅಲ್ಲಿ ಕೇಳುವುದು ಬಹುಮಟ್ಟಿಗೆ ತಂದೆಯೋ ಮಾಸ್ತರರೋ ಬರೆದುಕೊಟ್ಟ, ಮಗುವು ಬಾಯಿಪಾಠ ಮಾಡಿದ ಭಾಷಣ. ಕೈಗಳೂ ಬಾಯಿಪಾಠ, ಎಲ್ಲಿ ಮುಷ್ಟಿ ಎತ್ತಬೇಕೆಂಬುದೂ ನಿಶ್ಚಿತ. ಭಾಷಣ ಮುಗಿದೊಡನೆ ಸಭಿಕ ವಿದ್ಯಾರ್ಥಿಗಳು ಐದು ನಿಮಿಷ ಪ್ರಶ್ನೆ ಕೇಳತಕ್ಕದ್ದೆಂಬ ನಿಯಮ ಮಾಡಿದರೆ ಈ ರೋಗ ಒಂದೇ ವರ್ಷದಲ್ಲಿ ಇಳಿಯುವುದು. ಪಾಟೀಸವಾಲಿಗೆ ನಿಲ್ಲದ ಸಾಕ್ಷ್ಯಕ್ಕೆ ಬೆಲೆಯೆಷ್ಟು?

ನಮ್ಮ ಸರಕಾರದ ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ತಾಲ್ಲೂಕು, ಜಿಲ್ಲೆ, ರಾಜ್ಯವೆಂದು ಏರುವ ಮೆಟ್ಟಿಲ ಮೇಲೆ ಕೊನೆಗೆ ಉಳಿಯುವವನು ಒಬ್ಬನು. ಅವನೊಬ್ಬನ ಸಲುವಾಗಿ ಮಾಸ್ತರರ ತಿಂಗಳ ಶ್ರಮವೆಲ್ಲ ವ್ಯಯವಾಗಿ, ಉಳಿದ ಮುನ್ನೂರು ಮಕ್ಕಳು ಚಪ್ಪಾಳೆಗೆ ಮಾತ್ರ ಇರುತ್ತಾರೆ. ಇದಕ್ಕಿಂತ ಉಡುಪಿಯ ಸೀಮೆಯ ಪ್ರೌಢಶಾಲೆಗಳಲ್ಲಿ ನಡೆಯುವ ಯಕ್ಷಗಾನ ಶಿಕ್ಷಣವು ನಮಗೆ ಹೆಚ್ಚು ಮೆಚ್ಚಿಗೆಯಾಗಿದೆ. ಅಲ್ಲಿ ಹುಡುಗರೊಡನೆ ಹುಡುಗಿಯರೂ ಹೆಜ್ಜೆ ಕಲಿಯುತ್ತಾರೆ. ಒಂದು ಪ್ರಸಂಗಕ್ಕೆ ಹತ್ತಾರು ಮಂದಿ ಬೇಕು. ಒಬ್ಬನು ತಾಳ ತಪ್ಪಿದರೆ ಎಲ್ಲರೂ ಕೆಡುವರು. 1956ರಲ್ಲಿ ನಾಡು ಒಂದಾದಾಗ ಹೊರಗುಳಿದ ಕಾಸರಗೋಡಿನಲ್ಲಿ ಕನ್ನಡ ಶಾಲೆಯ ಮಕ್ಕಳು ಕೇರಳದ ಶಾಲಾ ಕಲೋತ್ಸವಕ್ಕೆ ಯಕ್ಷಗಾನವನ್ನು ಕೊಂಡೊಯ್ಯುತ್ತಾರೆ. ರಾಜಕೀಯ ಗೆರೆಗಳು ಬಿಟ್ಟುದನ್ನು ಶಾಲೆಯ ಸಂಘವೊಂದು ಹಿಡಿದು ನಿಂತಿದೆ. ಕನ್ನಡಿಗರು ಇದನ್ನು ಎಷ್ಟು ಮಂದಿ ಗಮನಿಸಿದ್ದಾರೆ?

ಭಾಷೆಯ ಮಾತು ಬಂದುದರಿಂದ ಇನ್ನೊಂದು. ತರಗತಿಯ ಮಾಧ್ಯಮವು ಯಾವುದೇ ಇರಲಿ, ಸಂಘದ ನಡವಳಿಯು ಕನ್ನಡದಲ್ಲಿರಲಿ. ಎ. ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದಾಗ ಪಾಠಗಳು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಆ ಸಂಘದಿಂದಲೇ 1919ರಲ್ಲಿ ಪ್ರಬುದ್ಧ ಕರ್ಣಾಟಕವು ಹೊರಟಿತು. ಪ್ರೌಢಶಾಲೆಗೆ ಅಂಥ ಪತ್ರಿಕೆ ಬೇಡ. ಕೈಬರಹದ ಒಂದು ಭಿತ್ತಿಪತ್ರಿಕೆ ಸಾಕು. ಅದರಲ್ಲಿ ಪ್ರಕೃತಿ ವರ್ಣನೆಯ ಪದ್ಯಗಳಿಗಿಂತ ಊರ ಕೆರೆಯಲ್ಲಿ ನೀರು ಎಷ್ಟು ಮೆಟ್ಟಿಲು ಇಳಿಯಿತು, ಸಂತೆಯಲ್ಲಿ ಮೆಣಸಿನಕಾಯಿಯ ಧಾರಣೆಯೇನು ಎಂಬ ವರದಿಗಳು ಹೆಚ್ಚಾಗಿರಲೆಂದು ನಮ್ಮ ಆಸೆ. ಕವಿಗಳಾಗತಕ್ಕವರು ಹೇಗೂ ಆಗುವರು.

ಸ್ಕೌಟು, ಗೈಡು, 1948ರ ಶಾಸನದಿಂದ ಬಂದ ಎನ್.ಸಿ.ಸಿ., ಇವುಗಳಿಗೆ ತಮ್ಮದೇ ಆದ ನಿಯಮಗಳೂ ಅಧಿಕಾರಿಗಳೂ ಇರುವುದರಿಂದ ನಾವು ಹೇಳತಕ್ಕದ್ದೇನೂ ಇಲ್ಲ. ಉಪಾಧ್ಯಾಯರ ಹೊರೆಯನ್ನು ಕುರಿತು ಮಾತ್ರ ಒಂದು ಮಾತು. ಗಣತಿಯೂ ಅವರದೇ, ಚುನಾವಣೆಯೂ ಅವರದೇ, ಬಿಸಿಯೂಟದ ಲೆಕ್ಕವೂ ಅವರದೇ. ಇದರ ಮೇಲೆ ಸಂಘವನ್ನೂ ಅವರೇ ನಡೆಯಿಸಲಿ ಎಂದರೆ ಅನ್ಯಾಯವಾದೀತು. ಸಂಘದ ಅವಧಿಯನ್ನು ಪಾಠದ ಅವಧಿಯೆಂದೇ ಎಣಿಸಿ ಅವರ ಕೆಲಸದಲ್ಲಿ ಸೇರಿಸಬೇಕು. ಪಾಲಕರಲ್ಲಿ ಬಡಗಿಯಿದ್ದರೆ, ದಾದಿಯಿದ್ದರೆ, ತಬಲಾ ಬಲ್ಲವರಿದ್ದರೆ ತಿಂಗಳಿಗೊಮ್ಮೆ ಬಂದು ಕೈಗೂಡಿಸಲಿ. ಲೆಕ್ಕ ತಪಾಸಣೆಯನ್ನೂ ಸಭೆಯ ನಿಯಮಗಳನ್ನೂ ಕಲಿಸಲು ತಿಂಗಳ ಮೊದಲ ಶನಿವಾರ ನಾವು ಬರುತ್ತೇವೆಂದು ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟಿದ್ದೇವೆ. ಶನಿವಾರದ ಶಾಲೆ ಬೆಳಗಿನದಾದುದರಿಂದ ಅದು ಬಸ್ಸಿನ ಮಕ್ಕಳಿಗೂ ಅನುಕೂಲ.

ಇಂದಿನ ಸಭೆಯ ನಡವಳಿಯನ್ನು ಬರೆಯತಕ್ಕವರು ಯಾರೆಂದು ಇನ್ನೂ ಗೊತ್ತಾದಂತಿಲ್ಲ. ಬಸ್ಸಿಗೆ ಇನ್ನು ನಲವತ್ತು ನಿಮಿಷಗಳಿವೆ. ಅಧ್ಯಕ್ಷರ ಅಪ್ಪಣೆಯಾದರೆ ಮೊದಲು ಆ ಆಯ್ಕೆ ನಡೆಯಲಿ. ಆಮೇಲೆ ನಮಗೆ ಪ್ರಶ್ನೆಗಳನ್ನು ಕೇಳಬಹುದು.