‘ಟಕ್’ ಅನ್ನುವ ರಿವೆಟ್‌ನ ಕಥೆ



ಈ ಸಲ ನಾನು ಆರಿಸಿಕೊಂಡ ವಿಷಯ ಕೇಳಿ ನಮ್ಮ ಮನೆಯಲ್ಲೇ ನಗು. “ಕನ್ನಡ ಎಂ.ಎ. ಮಾಡಿದವಳು, ಕುಮಾರವ್ಯಾಸನ ಬಗ್ಗೆ ಮಾತಾಡೋದು ಬಿಟ್ಟು ರಿವೆಟ್ ಬಗ್ಗೆ ಮಾತಾಡ್ತೀಯಾ?” ಅಂದರು ನಮ್ಮ ಯಜಮಾನರು. ಹೌದು, ರಿವೆಟ್ ಬಗ್ಗೆಯೇ. ಕುಮಾರವ್ಯಾಸ ಎಲ್ಲೂ ಹೋಗುವುದಿಲ್ಲ, ಮುಂದಿನ ತಿಂಗಳು ಬರುತ್ತಾನೆ.

ನೀವು ಜೀನ್ಸ್ ಹಾಕಿದ್ದರೆ ಜೇಬಿನ ಮೂಲೆ ಮುಟ್ಟಿ ನೋಡಿ. ಪುಟ್ಟ ತಾಮ್ರದ ಗುಂಡಿಯಂಥದು ಸಿಗುತ್ತದಲ್ಲ, ಅದೇ ರಿವೆಟ್. ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೀವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅಡುಗೆಮನೆಗೆ ಹೋದರೆ ಬಾಣಲೆಯ ಹಿಡಿಯನ್ನು ಹಿಡಿದಿಟ್ಟಿರುವುದೂ ರಿವೆಟ್ಟೇ. ಸ್ಕ್ರೂ ತಿರುಗಿಸಿದರೆ ಬಿಚ್ಚುತ್ತದೆ. ರಿವೆಟ್ ಹಾಗಲ್ಲ. ಒಮ್ಮೆ ಕೂತರೆ ತಲೆ ಕತ್ತರಿಸಿಯೇ ತೆಗೆಯಬೇಕು.

ನನಗೆ ಇದರ ಹುಚ್ಚು ಹಿಡಿದದ್ದು ಕಳೆದ ಏಪ್ರಿಲ್‌ನಲ್ಲಿ. ಚಳಿಗಾಲದ ಐಸ್ ಭಾರಕ್ಕೆ ನಮ್ಮ ಮನೆಯ ಮಳೆನೀರಿನ ಪೈಪು ಜಾಯಿಂಟ್‌ನಲ್ಲಿ ಬಿಟ್ಟುಕೊಂಡಿತ್ತು. ಹದಿನೇಳು ವರ್ಷದ ಮಗ “ನಾನೇ ಮಾಡ್ತೀನಿ” ಅಂತ ರಿವೆಟ್ ಗನ್ ಕೊಂಡುತಂದ. ಒಂದು ಹಾಕಿದ, ಸಡಿಲ. ಇನ್ನೊಂದು ಹಾಕಿದ, ಅದೂ ಸಡಿಲ. ಅಷ್ಟರಲ್ಲಿ ಬೆಂಗಳೂರಿನಿಂದ ನನ್ನ ಅಪ್ಪನ ವಿಡಿಯೋ ಕಾಲ್ ಬಂತು.

ಅಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ಅವರು ಮೂವತ್ತು ವರ್ಷ ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬಸ್ಸಿನ ಬಾಡಿಗೆ ತಗಡು ಹೊಡೆದವರು. ತಗಡಿನ ಗೂಡಿನೊಳಗೆ ಕೂತು ದಿನವಿಡೀ ರಿವೆಟ್ ಹೊಡೆತ. ಕಿವಿಗೆ ಇಟ್ಟುಕೊಳ್ಳಲು ಹತ್ತಿಯೂ ಇಲ್ಲ. ಈಗ ಅವರಿಗೆ ಕಿವಿ ಕೇಳಿಸುವುದೇ ಇಲ್ಲ ಅನ್ನಬೇಕು. ಮಿಷಿನ್ ಹಾಕಿಸಿದ್ದೇವೆ, ಗುಂಯ್ ಅನ್ನುತ್ತದೆ ಅಂತ ತೆಗೆದಿಡುತ್ತಾರೆ. ನನ್ನ ಮಗನ ಕನ್ನಡ ತೊದಲು, ತಾತನ ಕಿವಿ ಮಂದ. “ಹೇಗಿದ್ದೀರಾ ತಾತ?” ಅಂದರೆ “ಊಟ ಆಯ್ತು ಪುಟ್ಟ” ಅಂತ ಉತ್ತರ. ಎರಡು ನಿಮಿಷ ಕೈ ಬೀಸಿ ಮುಗಿಸುತ್ತಿದ್ದರು. ನನಗೆ ಅದೊಂದು ಒಳಗೇ ಕೊರೆಯುವ ನೋವು.

ಆ ದಿನ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಮೊದಲು ಮಗನ ಕೈಯಲ್ಲಿದ್ದ ಆ ವಸ್ತು ಎಲ್ಲಿಂದ ಬಂತು, ಕೇಳಿ.

ಹಳೆಯ ಕಾಲದ ರಿವೆಟ್ಟಿಗೆ ಎರಡು ಕಡೆಯೂ ಜನ ಬೇಕಿತ್ತು. ಸೇತುವೆ, ಹಡಗು ಕಟ್ಟುವಾಗ ಉಕ್ಕಿನ ರಿವೆಟ್ಟನ್ನು ಕೆಂಪಗೆ ಕಾಯಿಸಿ ತೂತಿಗೆ ತೂರಿಸುತ್ತಿದ್ದರು. ಒಬ್ಬ ಒಂದು ಬದಿಯಲ್ಲಿ ಭಾರವಾದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬ ಆಚೆ ಬದಿಯ ಬಾಲವನ್ನು ಬಡಿದು ತಲೆ ಮಾಡಬೇಕು. ಆರಿದಾಗ ಅದು ಕುಗ್ಗಿ ಎರಡು ಹಲಗೆಗಳನ್ನೂ ಬಿಗಿಯಾಗಿ ಎಳೆದು ಹಿಡಿಯುತ್ತದೆ. 1943ರಲ್ಲಿ ತೆರೆದ ಕೋಲ್ಕತ್ತದ ಹೌರಾ ಸೇತುವೆ ಹೀಗೆ ರಿವೆಟ್ ಹೊಡೆದೇ ನಿಂತದ್ದು.

ಆದರೆ ಆಚೆ ಬದಿಗೆ ಕೈಯೇ ಹೋಗದಿದ್ದರೆ? ಮೊದಲ ಮಹಾಯುದ್ಧದ ನಂತರ ಮರದ ವಿಮಾನಗಳು ಹೋಗಿ ಲೋಹದ ವಿಮಾನಗಳು ಬರತೊಡಗಿದಾಗ ಇದೇ ತೊಂದರೆ ಎದುರಾಯಿತು. ಕೊಳವೆಯ ಒಳಗೆ ಯಾರು ನಿಂತು ಕಬ್ಬಿಣ ಹಿಡಿಯುತ್ತಾರೆ? ಇಂಗ್ಲೆಂಡಿನ ಹ್ಯಾಮಿಲ್ಟನ್ ವೈಲಿ ಎಂಬವರು ಕೊಳವೆಯಾಕಾರದ ರಿವೆಟ್ಟನ್ನು ಮುಚ್ಚುವ ಹೊಸ ವಿಧಾನಕ್ಕೆ 1916ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. 1922ರಲ್ಲಿ ಅವರು ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್ ಎಂಬ ವಿಮಾನ ಕಂಪನಿ ಸೇರಿದರು. 1927ರ ಪೇಟೆಂಟ್‌ನಲ್ಲಿ ಮುಖ್ಯವಾದ ಉಪಾಯ ಬಂತು: ಬಡಿಯಬೇಡ, ಎಳೆ.

ಟೊಳ್ಳು ರಿವೆಟ್‌ನ ಒಳಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ದಪ್ಪ ತಲೆ. ರಿವೆಟ್ಟನ್ನು ಈಚೆಯಿಂದಲೇ ತೂತಿಗೆ ತೂರಿಸಿ ಕಡ್ಡಿಯನ್ನು ಎಳೆದರೆ, ಆ ದಪ್ಪ ತಲೆ ಆಚೆ ಬದಿಯಲ್ಲಿ ರಿವೆಟ್‌ನ ಹೊಟ್ಟೆಯನ್ನು ಉಬ್ಬಿಸುತ್ತದೆ. ಒಬ್ಬರೇ ಸಾಕು. ಈಗಿನ ರಿವೆಟ್‌ನಲ್ಲಿ ಕಡ್ಡಿಯ ಕತ್ತನ್ನು ಬೇಕೆಂದೇ ತೆಳ್ಳಗೆ ಮಾಡಿರುತ್ತಾರೆ. ಬಿಗಿ ಸಾಕಾದ ಕೂಡಲೇ ಅದು ‘ಟಕ್’ ಅಂತ ಮುರಿದು ಕೈಗೆ ಬರುತ್ತದೆ.

ಇದನ್ನು ತಯಾರಿಸಲು ಮುಂದೆ ಬಂದದ್ದು ಯಾರು ಗೊತ್ತೇ? ಬರ್ಮಿಂಗ್‌ಹ್ಯಾಮ್‌ನ ಜಾರ್ಜ್ ಟಕರ್ ಐಲೆಟ್ ಕಂಪನಿ. ಐಲೆಟ್ ಅಂದರೆ ನಿಮ್ಮ ಷೂ ಲೇಸ್ ಪೋಣಿಸುವ ತೂತಿನ ಲೋಹದ ಬಳೆ. ಯೋಚಿಸಿದರೆ ಆಶ್ಚರ್ಯವಿಲ್ಲ. ಐಲೆಟ್ ಅಂದರೂ ಪುಟ್ಟ ಕೊಳವೆಯ ಅಂಚನ್ನು ಮಡಚಿ ಕೂರಿಸುವುದೇ ತಾನೆ? 1928ರ ಹೊತ್ತಿಗೆ ಅವರು ಸಿಸ್ಕಿನ್ ಎಂಬ ಯುದ್ಧವಿಮಾನಕ್ಕೆ ಈ ರಿವೆಟ್ ಮಾಡಿಕೊಡುತ್ತಿದ್ದರು. ಮೊದಮೊದಲು ಕಡ್ಡಿ ಬೇರೆ, ರಿವೆಟ್ ಬೇರೆ, ಕೈಯಲ್ಲಿ ಜೋಡಿಸಿಕೊಳ್ಳಬೇಕಿತ್ತು. ಆಮೇಲೆ ಎರಡನ್ನೂ ಸೇರಿಸಿ ಒಂದೇ ತುಂಡು ಮಾಡಿದರು, ಅಲ್ಯೂಮಿನಿಯಂನಲ್ಲೂ ತಂದರು, ‘ಪಾಪ್’ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಇದನ್ನು ತಯಾರಿಸಿದ್ದು ಯುನೈಟೆಡ್ ಷೂ ಮೆಷಿನರಿ, ಅದೂ ಚಪ್ಪಲಿ ವ್ಯವಹಾರದ ಕಂಪನಿಯೇ! ಆಮೇಲೆ ಮಾಲೀಕರು ಬದಲಾಗುತ್ತಾ ಹೋದರು. 1976ರಲ್ಲಿ ಎಮ್‌ಹಾರ್ಟ್, 1989ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್, 2010ರಲ್ಲಿ ಸ್ಟ್ಯಾನ್ಲಿ ಜೊತೆ ವಿಲೀನ. ‘ಪಾಪ್’ ಅನ್ನುವ ಹೆಸರು ಮಾತ್ರ ಹಾಗೇ ಉಳಿಯಿತು.

ಆ ಸಿಸ್ಕಿನ್ ಮಾದರಿಯ ವಿಮಾನಗಳು ನಮ್ಮ ಕೆನಡಾಕ್ಕೂ ಬಂದವು. ನಮ್ಮ ವಾಯುಪಡೆಯ ಮೊದಲ ಸಾಹಸ ಪ್ರದರ್ಶನ ತಂಡ 1929ರಲ್ಲಿ ಹಾರಿಸಿದ್ದು ಅವನ್ನೇ. ತಂಡದ ಹೆಸರೂ ‘ಸಿಸ್ಕಿನ್ಸ್’. ಎರಡನೇ ಮಹಾಯುದ್ಧದಲ್ಲಿ ಮಾಲ್ಟನ್‌ನ ವಿಕ್ಟರಿ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 430 ಲ್ಯಾಂಕಾಸ್ಟರ್ ಬಾಂಬರ್‌ಗಳು ತಯಾರಾದವು. ಅಲ್ಲಿ ಹಳೆಯ ಪದ್ಧತಿಯ ಗಟ್ಟಿ ರಿವೆಟ್‌ಗಳೇ ಹೆಚ್ಚು. ಹೊರಗೊಬ್ಬರು ಗನ್ ಹಿಡಿದು, ಒಳಗೊಬ್ಬರು ಕಬ್ಬಿಣ ಒತ್ತಿ ಹಿಡಿದು. ಆ ಕೆಲಸಗಾರರಲ್ಲಿ ಹೆಂಗಸರೂ ಬಹಳ. ಮಾಲ್ಟನ್ ಅಂದರೆ ಎಲ್ಲಿ? ಇವತ್ತಿನ ಪಿಯರ್ಸನ್ ವಿಮಾನ ನಿಲ್ದಾಣದ ಜಾಗ. ನಮ್ಮಂಥವರು ಎರಡು ಸೂಟ್‌ಕೇಸ್ ಹಿಡಿದು ಮೊದಲು ಕಾಲಿಟ್ಟ ಜಾಗ.

ಬೆಂಗಳೂರಿನಲ್ಲೂ ಅದೇ ಕಾಲಕ್ಕೆ ಅದೇ ಸದ್ದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಅದೇ ಇಂದಿನ ಎಚ್‌ಎಎಲ್. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಜೋಡಿಸಿ ಹಾರಿಸಿದರು. ಯುದ್ಧ ಮುಗಿದ ಮೇಲೆ ತಗಡು ಕೆಲಸದ ಅದೇ ಕೌಶಲದಿಂದ ರೈಲು ಬೋಗಿಗಳನ್ನು ಕಟ್ಟಿದರು. 1951ರಲ್ಲಿ ವಿ. ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿತು. ಮೈ ಪೂರ್ತಿ ಲೋಹ. ತಗಡು ಕೊಯ್ಯುವುದು, ತೂತು ಹಾಕುವುದು, ರಿವೆಟ್ ಕೂರಿಸುವುದು ಬೆಂಗಳೂರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಕೆಲಸ. ನಮ್ಮ ಮನೆಗೂ ಕೊಟ್ಟಿತು, ಬಸ್ಸಿನ ಮೂಲಕ. ನನ್ನ ಎಂ.ಎ. ಫೀಸು ಕಟ್ಟಿದ್ದು ಆ ರಿವೆಟ್‌ಗಳೇ.

ಈಗ ಏಪ್ರಿಲ್‌ನ ಆ ದಿನಕ್ಕೆ ಬರೋಣ. ಫೋನಿನಲ್ಲಿ ಅಪ್ಪ ಮಗನ ಕೈಯಲ್ಲಿದ್ದ ಗನ್ ನೋಡಿದರು. ಮುಖವೇ ಬದಲಾಯಿತು. “ಎಲ್ಲಿ, ತೂತು ತೋರ್ಸು” ಅಂದರು. ಮಗ ಕ್ಯಾಮೆರಾ ಹತ್ತಿರ ಹಿಡಿದ. ಅಪ್ಪ ಏನೋ ಕೇಳಿದರು, ಮಗ ಏನೋ ಹೇಳಿದ, ಇಬ್ಬರಿಗೂ ತಿಳಿಯಲಿಲ್ಲ. ನಾನು ನಡುವೆ ಬಾಯಿ ಹಾಕಲು ಹೊರಟೆ. ಅಷ್ಟರಲ್ಲಿ ಮಗ ಒಳಗೆ ಓಡಿ ಒಂದು ಹಾಳೆ ಮೇಲೆ ಮಾರ್ಕರ್‌ನಲ್ಲಿ ಬರೆದು ತಂದು ಫೋನಿಗೆ ಹಿಡಿದ: “ತಾತ ತುತು ದೊಡ್ಡದು”.

ತೂತಿಗೆ ದೀರ್ಘ ಇರಲಿಲ್ಲ. ಕನ್ನಡ ತರಗತಿಯಲ್ಲಿ ಆಗಿದ್ದರೆ ನಾನು ಕೆಂಪು ಗುರುತು ಹಾಕುತ್ತಿದ್ದೆ. ಅಪ್ಪ ಕನ್ನಡಕ ಏರಿಸಿ ಓದಿದರು. ಓದಿ ಜೋರಾಗಿ ನಕ್ಕರು. “ಹೂಂ ಕಣೋ, ದೊಡ್ಡದು! ಸಣ್ಣ ಬೈರಿಗೆ ಹಾಕು. ಪಕ್ಕದಲ್ಲಿ ಹೊಸ ತೂತು ಮಾಡು. ಗನ್ ಮೂತಿ ತಗಡಿಗೆ ಒತ್ತಿ ಹಿಡಿ, ವಾಲಿಸಬೇಡ.” ಕೈಯಲ್ಲಿ ಮಾಡಿ ತೋರಿಸಿದರು. ಮಗ ಹಾಗೇ ಮಾಡಿದ. ಟಕ್!

ಆ ಸದ್ದು ಅಪ್ಪನಿಗೆ ಕೇಳಿಸಿಲ್ಲ. ಹುಡುಗನ ಕೈ ಜಗ್ಗಿದ್ದು ಕಂಡಿತು. “ಕೂತ್ಕೊಂತು” ಅಂದರು. ಅಷ್ಟೇ.

ಅವತ್ತಿನಿಂದ ಫೋನಿನ ಪಕ್ಕ ಒಂದು ಬಿಳಿ ಬೋರ್ಡ್ ಇದೆ. ಭಾನುವಾರ ಇವನು ಬರೆಯುತ್ತಾನೆ, ತಾತ ಓದಿ ಮಾತಾಡುತ್ತಾರೆ. ಆರು ವರ್ಷ ಕಾಗುಣಿತ ಕಲಿಸಲು ನಾನು ಎಷ್ಟು ಗೋಗರೆದಿದ್ದೆ! “ಯಾರಿಗೆ ಬರೀಬೇಕು ಅಮ್ಮ?” ಅನ್ನುತ್ತಿದ್ದ. ನನ್ನ ಬಳಿ ಉತ್ತರ ಇರಲಿಲ್ಲ. ಈಗ ಅವನೇ ಬಂದು “ತಗಡು ಅಂತ ಹೇಗೆ ಬರೀಬೇಕು?” ಅಂತ ಕೇಳುತ್ತಾನೆ.

ನಿಮಗೆ ಮೂರು ಮಾತು ಹೇಳಿ ಮುಗಿಸುತ್ತೇನೆ. ಡ್ರಿಲ್ಲು, ಸುತ್ತಿಗೆ ಹಿಡಿದಾಗ ಕಿವಿಗೆ ರಕ್ಷಣೆ ಹಾಕಿಕೊಳ್ಳಿ, ಹೋದ ಕಿವಿ ವಾಪಸ್ ಬರುವುದಿಲ್ಲ. ರಜೆಯಲ್ಲಿ ಹ್ಯಾಮಿಲ್ಟನ್‌ನ ವಾರ್‌ಪ್ಲೇನ್ ಹೆರಿಟೇಜ್ ಮ್ಯೂಸಿಯಂಗೆ ಹೋಗಿ. ಮಾಲ್ಟನ್‌ನಲ್ಲಿ ತಯಾರಾದ, ಈಗಲೂ ಹಾರುವ ಒಂದು ಲ್ಯಾಂಕಾಸ್ಟರ್ ಅಲ್ಲಿದೆ. ಅದರ ಮೈಮೇಲಿನ ರಿವೆಟ್ ಸಾಲು ನೋಡಿ, ಒಂದೊಂದರ ಹಿಂದೆಯೂ ಇಬ್ಬರು ಇದ್ದರು. ಮೂರನೆಯದು, ಈ ಭಾನುವಾರ ನಿಮ್ಮ ತಾತನಿಗೋ ಅಜ್ಜಿಗೋ ಫೋನ್ ಮಾಡಿ, “ನೀವು ಕೈಯಲ್ಲಿ ಏನು ಕೆಲಸ ಮಾಡ್ತಿದ್ರಿ?” ಅಂತ ಕೇಳಿ. ಕೇಳಿಸದಿದ್ದರೆ ಬರೆದು ತೋರಿಸಿ. ದೀರ್ಘ ತಪ್ಪಿದರೂ ಪರವಾಗಿಲ್ಲ.