ಪರರ ಹೊಗೆ, ನಮ್ಮ ಹೃದಯ



ವಾರ್ಷಿಕೋತ್ಸವದ ವೇದಿಕೆಯಲ್ಲಿ ನುಡಿಯ ವಿಷಯವಾಗಿ ಮಾತನಾಡುವುದು ವಾಡಿಕೆ. ಆ ನುಡಿಯನ್ನಾಡುವ ಜೀವಗಳ ಕ್ಷೇಮವೂ ಸಂಘದ ಹೊಣೆಯೆಂದು ಬಗೆದು, ಇಂದು ನಾವು ಹೃದಯದ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬಯಸುತ್ತೇವೆ.

ದುಡಿಮೆಯನ್ನರಸಿ ಗೋವೆಗೆ ಬಂದ ನಮ್ಮವರಲ್ಲಿ ಎಷ್ಟೋ ಮಂದಿಯ ಸಂಸಾರ ಒಂದೇ ಕೋಣೆಯಲ್ಲಿ ಸಾಗುತ್ತದೆ. ಈ ಕುಂಕಳ್ಳಿಯ ಮಳೆಗಾಲವನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಕದ ಕಿಟಕಿಗಳನ್ನು ಮುಚ್ಚಿಯೇ ಇರಬೇಕು. ಅಂತಹ ಕೋಣೆಯಲ್ಲಿ ಯಜಮಾನನು ಹಚ್ಚಿದ ಬೀಡಿಯ ಹೊಗೆ ಮಡದಿಗೂ ಮಕ್ಕಳಿಗೂ ಮುದಿತಾಯಿಗೂ ಪಾಲಾಗುತ್ತದೆ. "ಸೇದುವವನು ನಾನು, ಕೆಟ್ಟರೆ ನನ್ನ ಎದೆ ಕೆಡಲಿ" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆ ಮಾತು ನಿಜವಲ್ಲ.

ಈ ಹೊಗೆ ಸೇದದವರ ರಕ್ತದ ಕಣಗಳನ್ನೂ ಅಂಟಂಟಾಗಿಸಿ ಹೆಪ್ಪುಗಟ್ಟಲು ಪ್ರೇರಿಸುತ್ತದೆ. ರಕ್ತನಾಳದ ಒಳಪದರವನ್ನು ಕೆಡಿಸಿ, ಬೇಕಾದಾಗ ಹಿಗ್ಗುವ ಶಕ್ತಿಯನ್ನು ಕುಗ್ಗಿಸುತ್ತದೆ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. 2001ರಲ್ಲಿ ಜಪಾನಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯಂತೆ, ಕೇವಲ 30 ನಿಮಿಷ ಹೊಗೆಯಲ್ಲಿ ಕುಳಿತ ಆರೋಗ್ಯವಂತ ತರುಣರ ಹೃದಯದ ರಕ್ತಸಂಚಾರಶಕ್ತಿಯು ನಿತ್ಯ ಸೇದುವವರ ಮಟ್ಟಕ್ಕೆ ಇಳಿದಿತ್ತು. ಪರರ ಹೊಗೆಯಿಂದ ಸೇದದವರ ಹೃದ್ರೋಗದ ಅಪಾಯ ನೂರಕ್ಕೆ 25ರಿಂದ 30ರಷ್ಟು ಹೆಚ್ಚುವುದೆಂದು 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಸಾರಿತು. ಅಪಾಯವಿಲ್ಲದ ಪ್ರಮಾಣವೆಂಬುದೇ ಈ ಹೊಗೆಗೆ ಇಲ್ಲ.

ಆದರೆ ಹೊಗೆ ನಿಂತರೆ ಹಿತವೂ ಬೇಗ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ 2006ರ ಮಾರ್ಚಿಯಲ್ಲಿ ಸಾರ್ವಜನಿಕ ಒಳಾಂಗಣಗಳಲ್ಲಿ ಧೂಮಪಾನ ನಿಷೇಧವಾಯಿತು. ಒಂಬತ್ತು ಆಸ್ಪತ್ರೆಗಳ ಲೆಕ್ಕದಂತೆ, ಮುಂದಿನ ವರ್ಷದೊಳಗೆ ಹೃದಯಾಘಾತ ಮೊದಲಾದ ತೀವ್ರ ಬೇನೆಯಿಂದ ಸೇರಿದವರ ಸಂಖ್ಯೆ ನೂರಕ್ಕೆ 17ರಷ್ಟು ಇಳಿಯಿತು. ಎಂದೂ ಸೇದದವರಲ್ಲಿ ಆ ಇಳಿತ 21ರಷ್ಟಾಗಿತ್ತು.

ನಮ್ಮಲ್ಲಿಯೂ ಕಾಯಿದೆಗಳಿವೆ. ಗೋವೆಯು 1997ರಲ್ಲಿಯೇ ಸಾರ್ವಜನಿಕ ಸ್ಥಳಗಳ ಧೂಮಪಾನಕ್ಕೆ ತಡೆಯೊಡ್ಡುವ ಶಾಸನವನ್ನು ಮಾಡಿತು. ನಮ್ಮ ಕಾಸರಗೋಡಿಗೂ ಅನ್ವಯಿಸುವಂತೆ ಕೇರಳದ ಉಚ್ಚ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿತು. 2008ರ ಅಕ್ಟೋಬರ್ 2ರಿಂದ ದೇಶಾದ್ಯಂತ ಹೊಸ ನಿಯಮಗಳು ಜಾರಿಗೆ ಬಂದವು. ಆದರೆ ಕಾಯಿದೆಯು ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಹೊಸ್ತಿಲಿನಿಂದ ಒಳಗೆ ನಡೆಯಬೇಕಾದುದು ನಮ್ಮ ವಿವೇಕ.

ಬೀಡಿಯ ತಂಬಾಕಿಗೆ ಹೆಸರಾದ ನಿಪ್ಪಾಣಿಯೂ ಗಡಿಯೂರೇ. ಬೆಳೆಯುವವರನ್ನಾಗಲಿ ಸುತ್ತುವವರನ್ನಾಗಲಿ ಹಳಿಯುವುದು ನಮ್ಮ ಉದ್ದೇಶವಲ್ಲ. ಹಗಲೆಲ್ಲ ದುಡಿದು ಬಂದವನಿಗೆ ಬೀಡಿಯೊಂದೇ ವಿಶ್ರಾಂತಿಯೆಂಬುದನ್ನೂ ನಾವು ಅರಿಯೆವೆಂದಲ್ಲ. ನಾವು ಬೇಡುವುದಿಷ್ಟೆ: ಮನೆಯೊಳಗೆ ಹಚ್ಚದಿರೋಣ. ಕಿಟಕಿ ತೆರೆದರೆ ಸಾಲದು. ಮಳೆಯಿದ್ದರೂ ಹೊರಗಿನ ಸೂರಿನಡಿಗೆ, ಬಾಗಿಲಿನಿಂದ ದೂರಕ್ಕೆ ಹೋಗೋಣ. ಬಿಡಲಿಚ್ಛಿಸುವವರಿಗೆ 1800-112-356 ಎಂಬ ದೂರವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ನಮ್ಮ ಸಂಘದ ಸಭೆಗಳೂ ಹೊಗೆಯಿಲ್ಲದೆ ನಡೆಯಲಿ.

ಮಕ್ಕಳಿಗೆ ನುಡಿಯನ್ನು ಉಳಿಸಿಕೊಡಬೇಕೆಂದು ನಾವು ಇಲ್ಲಿ ಕೂಡಿದ್ದೇವೆ. ಆ ನುಡಿಯನ್ನಾಡುವ ಉಸಿರನ್ನೂ ಉಳಿಸಿಕೊಡೋಣವೆಂದು ವಿನಂತಿಸಿ ವಿರಮಿಸುತ್ತೇವೆ.